ಗೋಡೆ ಕಡೆಯ ಬಾಗಿಲು

ಹಿಡಿ ಎಲ್ಲಿ, ಅಂಗೈ ಹಲಗೆಯ ಮೇಲೆ ಎಡದಿಂದ ಬಲಕ್ಕೆ ಹೋಗುತ್ತಿದೆ, ನುಣ್ಣಗಿದೆ, ಅಂಟಿಸಿದ ಮೈಕಾ ಹಾಳೆ ಎಲ್ಲೂ ಉಬ್ಬಿಲ್ಲ, ಒಂದು ಗುಳ್ಳೆಯಿಲ್ಲ, ಮೂಲೆಗೆ ಮೂಲೆ ಕೂತಿದೆ, ಕೆಲಸ ಅಂದರೆ ಇದು, ಆದರೆ ಹಿಡಿ ಎಲ್ಲಿ, ಮತ್ತೆ ಬಲದಿಂದ ಎಡಕ್ಕೆ, ಕೂತು ನೋಡುತ್ತೇನೆ, ಎದ್ದು ನೋಡುತ್ತೇನೆ, ನಾಲ್ಕು ಹಿಡಿ ಹಾಕಿದವನು ನಾನೇ, ಇವತ್ತು ಬೆಳಿಗ್ಗೆ, ಒಂದಕ್ಕೆ ಎರಡರಂತೆ ಎಂಟು ಸ್ಕ್ರೂ ಬಟ್ಟಲಲ್ಲಿ ಹಾಕಿಕೊಂಡು, ಹಿಡಿ ಇದ್ದ ಮೇಲೆ ಬಾಗಿಲು ಇರಬೇಕು, ಬಾಗಿಲು ಇದ್ದ ಮೇಲೆ ಸಂದು ಕಾಣಬೇಕು, ಇಲ್ಲಿ ಸಂದೂ ಇಲ್ಲ, ಆರಡಿ ಮೂರಿಂಚು ಉದ್ದಕ್ಕೆ ಬರೀ ಬೋಳು ಹಲಗೆ, ಕೆಳಗಡೆ ಮಾತ್ರ ನಿಂತವರ ಕಾಲ್ಬೆರಳಿಗೆ ಅಂತ ಮೂರಿಂಚು ಒಳಕ್ಕೆ ತಗ್ಗಿಸಿದ ಜಾಗ — ಕಾಲ್ಬೆರಳಿಗೆ? ಮಂಚಕ್ಕೆ ಯಾರಾದರೂ ಕಾಲ್ಬೆರಳಿನ ಜಾಗ ಬಿಡುತ್ತಾರೆಯೇ? ಅಯ್ಯೋ. ಬಾಗಿಲು ಆ ಕಡೆ ಇದೆ. ಗೋಡೆ ಕಡೆ. ಮಂಚದ ಕೆಳಗಿನ ಕಪಾಟಿನ ನಾಲ್ಕು ಬಾಗಿಲು, ನಾಲ್ಕು ಹಿಡಿ, ಎಂಟು ಕೀಲು, ಎಲ್ಲ ಗೋಡೆಗೆ ಮುಖ ಕೊಟ್ಟುಕೊಂಡು ನಿಂತಿವೆ, ಮಂಚವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೈ ಝಾಡಿಸಿಕೊಂಡು, ಬೆನ್ನು ತಟ್ಟುವವರು ಯಾರೂ ಇಲ್ಲವಲ್ಲ ಅಂತ ನನಗೆ ನಾನೇ ಭೇಷ್ ಅಂದುಕೊಂಡು ಇನ್ನೂ ಹತ್ತು ನಿಮಿಷ ಆಗಿಲ್ಲ. ಇದು ಮಂಚ ಅಲ್ಲ, ಇದು ಅಂಗಡಿ ಕೌಂಟರ್. ಇಪ್ಪತ್ತೆಂಟು ವರ್ಷದಿಂದ ಈ ಕೈ ಕೌಂಟರ್ ಮಾಡಿದೆ, ಔಷಧಿ ಅಂಗಡಿಗೆ, ಬಟ್ಟೆ ಅಂಗಡಿಗೆ, ಪುಸ್ತಕದ ಅಂಗಡಿಗೆ, ಬೀಗ ಮಾರುವವನಿಗೆ, ಕೌಂಟರಿಗೆ ಎರಡು ಮುಖ, ಗಿರಾಕಿ ನಿಲ್ಲುವ ಕಡೆ ಚೆಂದ ಇರಬೇಕು, ಬೋಳಾಗಿರಬೇಕು, ಯಾರೂ ಎಳೆಯುವಂಥದ್ದು ಏನೂ ಇರಕೂಡದು, ಬಾಗಿಲು, ಡ್ರಾಯರು, ಗಲ್ಲಾಪೆಟ್ಟಿಗೆ ಎಲ್ಲ ಅಂಗಡಿಯವನ ಕಡೆ, ಕೆಲಸ ಮಾಡುವಾಗ ನಾನು ಕೂರುವುದೂ ಅಂಗಡಿಯವನ ಕಡೆಯೇ, ಬೆಳಿಗ್ಗೆಯೂ ಹಾಗೇ ಕೂತಿದ್ದೆ, ಕೋಣೆಯ ನಟ್ಟನಡುವೆ ಚೌಕಟ್ಟು, ನಾನು ಗೋಡೆಗೆ ಬೆನ್ನು ಕೊಟ್ಟು ಆ ಸಂದಿಯಲ್ಲಿ, ಬಾಗಿಲು ಕೂರಿಸುತ್ತಾ, ಹಾಡು ಗುನುಗುತ್ತಾ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಹಾಡು ಬೇರೆ ಕೇಡು.

ಒಂದೂವರೆ ಗಂಟೆ. ಮೂರಕ್ಕೆ ಬರುತ್ತಾರೆ. ಇವಳು ಮಗಳನ್ನು ಕರೆತರಲು ಹೋಗಿದ್ದಾಳೆ, ಇವಳು ಅಂದರೆ ನನ್ನ ಹೆಂಡತಿ, ಹೆಂಡತಿ ಅನ್ನುವುದಕ್ಕೆ ಇನ್ನೂ ಬಾಯಿ ಪಳಗಿಲ್ಲ, ಹನ್ನೊಂದು ತಿಂಗಳಾಯಿತು, ನನಗೆ ಇದು ಮೊದಲ ಮದುವೆ, ಅವಳಿಗೆ ಎರಡನೆಯದು, ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಮಾತ್ರೆ ಕೊಡುವವಳು, ಅಲ್ಲಿಗೆ ಕೌಂಟರ್ ಕೂರಿಸಲು ಹೋದಾಗ ಒಂದಿಂಚು ತಗ್ಗಿಸಿ ಕೊಡ್ತೀರಾ, ಮೊಣಕೈ ನೋಯುತ್ತೆ ಅಂದಿದ್ದಳು, ಬೇಡ ಅಂದ ಯಜಮಾನನಿಗೆ ಗೊತ್ತಾಗದ ಹಾಗೆ ತಗ್ಗಿಸಿ ಕೊಟ್ಟೆ, ನಲವತ್ತೇಳು ವರ್ಷದ ಬ್ರಹ್ಮಚರ್ಯ ಆ ಒಂದಿಂಚಿನಲ್ಲಿ ಹೋಯಿತು ಅಂತ ನನ್ನ ಪಾಲುಗಾರ ಈಗಲೂ ಆಡಿಕೊಳ್ಳುತ್ತಾನೆ. ಮಗಳು ಅಂದರೆ ಅವಳ ಮಗಳು, ಹದಿನೈದು ತುಂಬಿದೆ, ಅಪ್ಪ ದರ್ಜಿ, ತೀರಿಕೊಂಡು ನಾಲ್ಕು ವರ್ಷ, ಸಣ್ಣಗಿದ್ದಾಳೆ, ಚುರುಕಾಗಿದ್ದಾಳೆ, ಚುಚ್ಚುತ್ತಾಳೆ ಅಂತ ಅವನು ಸೂಜಿ ಅಂತ ಕರೆಯುತ್ತಿದ್ದನಂತೆ, ಅಮ್ಮನೂ ಅಜ್ಜಿಯೂ ಬೀದಿಯವರೂ ಹಾಗೇ ಕರೆಯುತ್ತಾರೆ, ನಾನೊಬ್ಬ ಕರೆಯುವುದಿಲ್ಲ, ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ, ಅವಳೂ ನನ್ನನ್ನು ಏನೆಂದೂ ಕರೆಯುವುದಿಲ್ಲ, ಅಮ್ಮನ ಹತ್ತಿರ ಅವರು ಅನ್ನುತ್ತಾಳೆ, ನಾನು ಎದುರಿಗಿದ್ದರೆ ಗಾಳಿಯ ಜೊತೆ ಮಾತಾಡುತ್ತಾಳೆ, ಚಿಕ್ಕಪ್ಪ ಅನ್ನಮ್ಮಾ ಅಂತ ಅಜ್ಜಿ ಒಂದು ಸಲ ಹೇಳಿಕೊಟ್ಟರು, ನಮ್ಮಪ್ಪನಿಗೆ ತಮ್ಮಂದಿರು ಇಲ್ವಲ್ಲ ಅಂದಳಂತೆ, ಸರಿಯೇ, ಲೆಕ್ಕ ತಪ್ಪದ ಹುಡುಗಿ. ಹನ್ನೊಂದು ತಿಂಗಳು ಅಜ್ಜಿಯ ಮನೆಯಲ್ಲೇ ಉಳಿದಳು. ಇವಳು ಕೆಲಸ ಮುಗಿಸಿ ದಿನಾ ಅಲ್ಲಿಗೆ ಹೋಗಿ, ಮಗಳ ತಲೆ ಬಾಚಿ, ಇಲ್ಲಿಗೆ ಬರುತ್ತಾಳೆ, ಬಂದವಳ ಮುಖ ನೋಡಲಾಗುವುದಿಲ್ಲ, ಪಾತ್ರೆ ಉಜ್ಜುವ ಸದ್ದಿನಲ್ಲಿ ಎಲ್ಲ ಕೇಳಿಸುತ್ತದೆ. ಕಡೆಗೆ ಹದಿನೈದು ದಿನದ ಹಿಂದೆ ಹುಡುಗಿ ಒಪ್ಪಿದಳು, ಬರ್ತೀನಿ, ಆದ್ರೆ ಅಪ್ಪನ ಮಷೀನೂ ಬರುತ್ತೆ, ನಾಲ್ಕು ದಿನ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಮಷೀನು ತಗೊಂಡು ಅಜ್ಜಿ ಹತ್ರ ವಾಪಸ್ ಹೋಗ್ತೀನಿ, ಆಮೇಲೆ ಯಾರೂ ಕರೀಬಾರ್ದು. ಆಮೇಲೆ ಯಾರೂ ಕರೆಯಬಾರದು, ಈ ಮಾತನ್ನು ಇವಳು ನನಗೆ ಹೇಳುವಾಗ ಬಟ್ಟೆ ಮಡಚುತ್ತಿದ್ದಳು, ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದಳು.

ಕೋಣೆ ಏಳಡಿಗೆ ಒಂಬತ್ತಡಿ, ಮೊದಲು ಅದರಲ್ಲಿ ನನ್ನ ಹಲಗೆ ತುಂಡುಗಳಿದ್ದವು, ಕಾಲಿನಲ್ಲಿ ತುಳಿಯುವ ಹೊಲಿಗೆ ಮಷೀನು ಇಟ್ಟರೆ ಮಂಚ ಹಿಡಿಸದು, ಮಂಚ ಇಟ್ಟರೆ ಮಷೀನು ಹಿಡಿಸದು, ಎರಡೂ ಇಟ್ಟರೆ ಹುಡುಗಿ ಹೊರಗೆ ನಿಲ್ಲಬೇಕು, ಆಗ ನನಗೇ ಹೊಳೆದದ್ದು, ಎತ್ತರದ ಮಂಚ, ಕೆಳಗೆ ಪೂರಾ ಕಪಾಟು, ಮಷೀನು ಕೆಳಗೆ, ಅವಳು ಮೇಲೆ, ಹೇಳಿದಾಗ ಇವಳು ಹನ್ನೊಂದು ತಿಂಗಳಲ್ಲಿ ಮೊದಲ ಸಲ ನನ್ನ ಕೆನ್ನೆ ಹಿಂಡಿದಳು. ಅಳತೆಗೆ ಅಂತ ಭಾನುವಾರ ಅಜ್ಜಿಯ ಮನೆಗೆ ಹೋದೆ. ಕಿಟಕಿಯ ಪಕ್ಕ ಮಷೀನು, ಕಪ್ಪು ಮೈ, ಕಬ್ಬಿಣದ ಕಾಲು, ಹಲಗೆಯ ಅಂಚು ಒಂದು ಕಡೆ ಸವೆದು ಹಳ್ಳವಾಗಿದೆ, ಬಟ್ಟೆ ಜಾರಿ ಜಾರಿ ಸವೆದದ್ದು, ಎಷ್ಟು ವರ್ಷದ ಬಟ್ಟೆ, ನಾನು ಜೇಬಿನಿಂದ ಟೇಪು ಸರ್ರನೆ ಎಳೆದೆ, ಮುಟ್ಬೇಡಿ, ನಾನೇ ಅಳೀತೀನಿ ಅಂದಳು. ಗೋಡೆಯ ಮೊಳೆಯಿಂದ ಬಟ್ಟೆಯ ಟೇಪು ತೆಗೆದಳು, ಅಪ್ಪ ಕೊರಳಿಗೆ ಹಾಕಿಕೊಳ್ಳುತ್ತಿದ್ದದ್ದು, ಮೊದಲ ನಾಲ್ಕು ಅಂಕಿ ಅಳಿಸಿಹೋಗಿದೆ, ಅವಳು ಅಳಿಸಿಹೋದ ಕಡೆ ನೋಡದೆ ಉಳಿದದ್ದನ್ನು ಓದುತ್ತಾಳೆ, ಮಷೀನಿನ ತಲೆ ಒಳಕ್ಕೆ ಮಡಚಿದರೆ ಎತ್ತರ ಮೂವತ್ತೂಕಾಲು ಇಂಚು, ಬರ್ಕೊಳ್ಳಿ, ಅಗಲ ಇಷ್ಟು, ಬರ್ಕೊಳ್ಳಿ, ನಾನು ಶಾಲೆಯ ಹುಡುಗನ ಹಾಗೆ ಬರೆದುಕೊಂಡೆ. ಬಾಗ್ಲು ದೊಡ್ಡದಿರ್ಲಿ, ಪ್ರತಿ ಭಾನುವಾರ ಹೊರಗೆ ತೆಗೆದು ಎಣ್ಣೆ ಬಿಡ್ತೀನಿ ನಾನು ಅಂದಳು. ಎಳೆಯೋಕೆ ಸುಲಭ ಆಗ್ಲಿ, ಕೆಳಗೆ ಚಕ್ರದ ಹಲಗೆ ಹಾಕ್ಲಾ ಅಂತ ಕೇಳಿದೆ, ಯೋಚಿಸಿದಳು, ಕಿಟಕಿ ಕಡೆ ನೋಡಿ ಹಾಕಿ ಅಂದಳು. ಹಾಕಿ. ನನ್ನನ್ನು ಕುರಿತು ಅವಳು ಆಡಿದ ಮಾತಿನಲ್ಲಿ ಮೊದಲ ಸಲ ಮುಳ್ಳಿರಲಿಲ್ಲ, ಆ ಒಂದು ಮಾತನ್ನು ಕಟ್ಟಿಕೊಂಡು ಬಸ್ಸು ಹತ್ತದೆ ನಡೆದೇ ಮನೆಗೆ ಬಂದೆ. ಚಕ್ರ ಹಾಕಿದ್ದೇನೆ, ಚೆನ್ನಾಗಿ ಉರುಳುತ್ತವೆ, ಗೋಡೆಯ ಕಡೆಗೆ ಉರುಳುತ್ತವೆ. ಎತ್ತರವಾದರೂ ಸರಿಯಾಯಿತೇ, ಮಷೀನು ಮೂವತ್ತೂಕಾಲು ಇಂಚು ಅಂದರೆ ಮೂವತ್ತಮೂರು ಸಾಕಿತ್ತು, ಕೈ ತಾನಾಗಿ ಮೂವತ್ತಾರಕ್ಕೆ ಹೋಗಿದೆ, ಕೌಂಟರಿನ ಎತ್ತರಕ್ಕೆ, ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಲಿತ ಗುಣ ಸುಡಲಿಕ್ಕೂ ಸಿಗುವುದಿಲ್ಲ.

ತಿರುಗಿಸಿದರೆ? ತಿರುಗಿಸಿದರೆ ಆಯಿತಲ್ಲ, ಇಷ್ಟಕ್ಕೆ ಯಾಕೆ ಗಾಬರಿ, ಈ ತಲೆ ಆ ಕಡೆ, ಆ ತಲೆ ಈ ಕಡೆ, ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತೇನೆ, ಏಳಡಿ ಎರಡಿಂಚು, ಕೋಣೆ ಏಳಡಿ. ಎರಡಿಂಚು. ಇನ್ನೊಂದು ಸಲ ಹಿಡಿಯುತ್ತೇನೆ, ಟೇಪಿಗೆ ದಯೆ ಬರಬಹುದೇನೋ ಅಂತ, ಏಳಡಿ ಎರಡಿಂಚು. ಎತ್ತಿ ನಿಲ್ಲಿಸಿ ತಿರುಗಿಸಬಹುದು, ಮೇಲೆ ಫ್ಯಾನು, ಫ್ಯಾನು ಬಿಚ್ಚಬಹುದು, ಬಿಚ್ಚಿದರೂ ಎತ್ತಲು ಮೂರು ಜನ ಬೇಕು, ಕಳಚಿ ಕೂಡಿಸಬಹುದು, ಅಂಟು ಹಾಕಿದ್ದೇನೆ, ಬರೀ ಸ್ಕ್ರೂ ಸಾಕು ಅಂದಿದ್ದ ಪಾಲುಗಾರ, ಇಲ್ಲ, ನಾಳೆ ಅವಳು ಮಗ್ಗುಲು ಬದಲಿಸಿದರೆ ಕಿರ್ ಅನ್ನಬಾರದು ಅಂತ ನಾನೇ ಪ್ರತಿ ಸಂದಿಗೂ ಅಂಟು ಸುರಿದೆ. ಹಾರೆ ತಂದು ಮೀಟುತ್ತೇನೆ, ಮಂಚ ಮಿಸುಕುತ್ತದೆ, ನೆಲದಲ್ಲಿ ಗೀರು ಬೀಳುತ್ತದೆ, ಬೀಳಲಿ, ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಬಂತು, ಈ ಕಡೆ ಉಳಿದದ್ದು ಎರಡಡಿ, ಸಂದಿಯಲ್ಲಿ ನನ್ನ ಹೊಟ್ಟೆ ತೂರುವುದಿಲ್ಲ, ಬೆಳಿಗ್ಗೆ ಕೂತಾಗ ಮಂಚ ನಡುವೆ ಇತ್ತು, ಕೈ ಮಾತ್ರ ಹಾಕಿ ಒಂದು ಬಾಗಿಲು ತೆರೆಯುತ್ತೇನೆ, ಗೋಡೆಗೆ ತಾಗುವುದಿಲ್ಲ, ತೆರೆಯುತ್ತದೆ, ಆದರೆ ಕಬ್ಬಿಣದ ಕಾಲಿನ ಮಷೀನನ್ನು ಆ ಸಂದಿಯಿಂದ ಯಾವ ಪುಣ್ಯಾತ್ಮ ಒಳಗಿಡುತ್ತಾನೆ. ಪಾಲುಗಾರನಿಗೆ ಫೋನು ಮಾಡುತ್ತೇನೆ. ಅವನನ್ನು ಎಲ್ಲರೂ ಮುಕ್ಕಾಲು ಅನ್ನುತ್ತಾರೆ, ಎಲ್ಲದಕ್ಕೂ ಮುಕ್ಕಾಲು ಇಂಚು ಬಿಡು ಅನ್ನುವವನು, ಮಧ್ಯಾಹ್ನ ಮಂಚವನ್ನು ಗೋಡೆಗೆ ತಳ್ಳಲು ಕೈಜೋಡಿಸಿ ಊಟಕ್ಕೆ ಹೋದವನು. ಮಾರಾಯ, ಬಾಗ್ಲು ಗೋಡೆ ಕಡೆ ಇಟ್ಟುಬಿಟ್ಟಿದ್ದೀನಿ ಕಣೋ ಅಂದೆ. ಗೊತ್ತು ಅಂದ. ಗೊತ್ತಾ? ನೋಡ್ದೆ ಕಣೋ, ತಳ್ಳೋವಾಗ್ಲೇ ನೋಡ್ದೆ ಅಂದ. ನೋಡಿ ಯಾಕೋ ಹೇಳ್ಲಿಲ್ಲ, ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ? ಅವನು ಅಗಿಯುತ್ತಲೇ ಅಂದ, ಬೇಕಂತ್ಲೇ ಮಾಡಿದ್ದೀಯ ಅಂದ್ಕೊಂಡೆ, ಆ ಸತ್ತವನ ಮಷೀನು ದಿನಾ ಕಣ್ಣಿಗೆ ಬೀಳದೆ ಇರ್ಲಿ ಅಂತ, ತಪ್ಪೇನಿಲ್ಲ ಬಿಡು, ಯಾರಾದ್ರೂ ಹಾಗೇ ಮಾಡ್ತಾರೆ ಅಂದ. ನಾನು ಫೋನು ಇಟ್ಟೆ. ಇಟ್ಟೆನೋ, ಕೈಯಿಂದ ಜಾರಿತೋ, ಮರದ ಹೊಟ್ಟಿನ ಮೇಲೆ ಬಿದ್ದಿದೆ, ಅದರೊಳಗೆ ಅವನು ಇನ್ನೂ ಹಲೋ ಅನ್ನುತ್ತಿದ್ದಾನೆ.

ಬೇಕಂತಲೇ. ನಾನು ಬೇಕಂತಲೇ ಮಾಡಿದೆನೇ? ಇಲ್ಲ. ಇಲ್ಲ ಅಂತ ಯಾರ ಮೇಲೆ ಆಣೆ ಇಡಲಿ, ಕೈ ಮಾಡಿದ್ದು, ಕೈಗೆ ಅಭ್ಯಾಸ, ಆದರೆ ಕೈ ಯಾರದು, ಹದಿನೈದು ದಿನ ರಾತ್ರಿ ಹಗಲು ಇದೇ ಮಂಚ ತಲೆಯಲ್ಲಿತ್ತು, ಒಂದು ಸಲವೂ ಬಾಗಿಲು ಯಾವ ಕಡೆ ಅಂತ ಕೇಳಿಕೊಳ್ಳಲಿಲ್ಲವೇ, ಚಕ್ರದ ಬಗ್ಗೆ ಯೋಚಿಸಿದೆ, ಅಂಟಿನ ಬಗ್ಗೆ ಯೋಚಿಸಿದೆ, ಅವಳ ತಲೆ ಫ್ಯಾನಿಗೆ ತಾಗದೆ ಇರಲಿ ಅಂತ ನಾನೇ ಮಂಡಿಯೂರಿ ಎದ್ದು ಕೈ ಎತ್ತಿ ನೋಡಿದೆ, ಬಾಗಿಲು ಮಾತ್ರ ಮರೆತೆ. ಆ ದರ್ಜಿಯನ್ನು ನಾನು ಕಂಡಿದ್ದೇನೆ, ಇವಳಿಗೆ ಇದನ್ನು ಹೇಳಿಲ್ಲ, ಎಂಟು ವರ್ಷದ ಹಿಂದೆ ಒಂದು ಬಿಳಿ ಅಂಗಿ ಹೊಲಿಸಿದ್ದೆ, ಭುಜಕ್ಕೆ ಟೇಪು ಹಿಡಿದು ನಿಮ್ಮ ಎಡಗೈ ಬಲಗೈಗಿಂತ ಅರ್ಧ ಇಂಚು ಉದ್ದ ಇದೆ, ಗೊತ್ತಾ ಅಂದಿದ್ದ, ಗೊತ್ತಿರಲಿಲ್ಲ, ತೋಳು ಎರಡನ್ನೂ ಬೇರೆ ಬೇರೆ ಅಳತೆಗೆ ಹೊಲಿದ, ಆಮೇಲೆ ಅಷ್ಟು ಸರಿಯಾಗಿ ಕೂತ ಅಂಗಿ ನಾನು ಹಾಕಲೇ ಇಲ್ಲ, ಅಂಥವನ ಮೇಲೆ ನನಗೆ ಏನು ಸಿಟ್ಟು. ಸಿಟ್ಟಿಲ್ಲ. ಹೊಟ್ಟೆಕಿಚ್ಚು? ಇವಳು ನಿದ್ದೆಗಣ್ಣಿನಲ್ಲಿ ಒಂದು ಸಲ ಅವನ ಹೆಸರು ಹಿಡಿದು ನೀರು ಕೇಳಿದಳು, ತಂದುಕೊಟ್ಟೆ, ಕುಡಿದು ಮಲಗಿದಳು, ಬೆಳಿಗ್ಗೆ ಅವಳಿಗೆ ನೆನಪಿಲ್ಲ, ನನಗೆ ಮರೆಯುವುದಿಲ್ಲ, ಅದು ಹೊಟ್ಟೆಕಿಚ್ಚೇ, ಬಾಯಾರಿದವಳಿಗೆ ನೀರು ಕೊಟ್ಟವನಿಗೆ ಹೊಟ್ಟೆಕಿಚ್ಚೆಂಥದು, ಗೊತ್ತಿಲ್ಲ, ತಲೆ ಗೊಂದಲದ ಗೂಡಾಗಿದೆ. ಹುಡುಗಿ ಬರಲಿ ಅಂತಲೂ ಇದೆ, ಬಂದರೆ ನನ್ನನ್ನು ದಿನಾ ತೂಗಿ ನೋಡುತ್ತಾಳಲ್ಲ ಅಂತಲೂ ಇದೆ, ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಫೋನು ಗುಂಯ್‌ಗುಡುತ್ತದೆ, ಮುಕ್ಕಾಲು ಅಲ್ಲ, ಇವಳು, ಟೆಂಪೋದ ಸದ್ದು, ಹೊರಟ್ವಿ ರೀ, ಮಂಚ ಆಯ್ತಾ? ಆಯ್ತು ಅಂದೆ. ಚೆನ್ನಾಗಿ ಬಂತಾ? ಬಂತು. ಇವ್ಳು ಕೇಳ್ತಿದ್ದಾಳೆ, ಬಾಗಿಲಿಗೆ ಬೀಗ ಇದ್ಯಾ ಅಂತ. ಇದೆ, ಅಂದೆ, ಬೀಗ ಹಾಕೇ ಇಲ್ಲ, ಗೋಡೆಗಿಂತ ದೊಡ್ಡ ಬೀಗ ಬೇಕೆ. ಇವಳ ದನಿ ಎಷ್ಟು ಹಗುರವಾಗಿತ್ತು, ಹನ್ನೊಂದು ತಿಂಗಳಲ್ಲಿ ಆ ದನಿ ಕೇಳಿರಲಿಲ್ಲ, ಆ ದನಿಗೆ ನಾನು ಆಯ್ತು ಅಂದೆ, ಇದೆ ಅಂದೆ.

ಕೊಯ್ದುಬಿಡುತ್ತೇನೆ. ಈ ಬೋಳು ಹಲಗೆಯನ್ನೇ ಕೊಯ್ದು ಬಾಗಿಲು ಮಾಡುತ್ತೇನೆ, ಕೀಲು ಆ ಕಡೆಯಿಂದ ಬಿಚ್ಚಿ ಈ ಕಡೆಗೆ, ಪೆನ್ಸಿಲು ಕಿವಿಯ ಮೇಲಿದೆ, ಗೆರೆ ಎಳೆಯುತ್ತೇನೆ, ಗರಗಸದ ಮಷೀನಿಗೆ ತಂತಿ ಸಿಕ್ಕಿಸಿ ಕೈಯಲ್ಲಿ ಹಿಡಿದಿದ್ದೇನೆ, ಅರ್ಧ ಕೊಯ್ದಾಗ ಅವರು ಬಂದರೆ? ಬೋಳು ಹಲಗೆ ವಾಸಿಯೋ, ಹರಿದ ಹಲಗೆ ವಾಸಿಯೋ, ಬಂದವಳಿಗೆ ಕೋಣೆಯ ತುಂಬ ಧೂಳು, ನಡುವೆ ಗರಗಸ ಹಿಡಿದುಕೊಂಡು ನಾನು, ಚೆಂದದ ಸ್ವಾಗತ. ಹೊರಗೆ ಟೆಂಪೋ ನಿಂತ ಸದ್ದು. ಇನ್ನೂ ಎರಡೂಕಾಲು, ಮೂರು ಅಂದಿದ್ದರು, ಮೂರು ಅಂದರೆ ಮೂರಕ್ಕೆ ಬರಬೇಡವೇ, ಗರಗಸ ಕೆಳಗಿಡುತ್ತೇನೆ, ಎತ್ತಿ ಬೇರೆ ಕಡೆ ಇಡುತ್ತೇನೆ, ಬಾಗಿಲಲ್ಲಿ ಇವಳ ಮುಖ, ಬೆವರು, ನಗು, ರೀ ಸ್ವಲ್ಪ ದಾರಿ ಬಿಡಿ ಅನ್ನುತ್ತಾಳೆ, ಅವಳ ಹಿಂದೆ ಟೆಂಪೋದವನು ಮಷೀನಿನ ಒಂದು ಕಡೆ, ಹುಡುಗಿ ಇನ್ನೊಂದು ಕಡೆ, ಕಬ್ಬಿಣದ ಭಾರಕ್ಕೆ ಕುತ್ತಿಗೆಯ ನರ ಉಬ್ಬಿದೆ, ತುಟಿ ಕಚ್ಚಿಕೊಂಡಿದ್ದಾಳೆ, ಹೊಸಿಲಿಗೆ ಮಷೀನಿನ ಕಾಲು ತಗುಲಿತು, ಆ ಕಡೆ ಹಿಡ್ಕೊಳ್ಳಿ ಅಂದಳು. ಯಾರಿಗೆ? ಹಿಂದೆ ನೋಡಿದೆ, ಹಿಂದೆ ಮಂಚ ಬಿಟ್ಟರೆ ಯಾರೂ ಇಲ್ಲ. ನನಗೇ. ಹಿಡಿದುಕೊಂಡೆ, ತಣ್ಣಗಿತ್ತು, ಎಣ್ಣೆಯ ವಾಸನೆ, ಸವೆದ ಹಳ್ಳ ನನ್ನ ಬೆರಳಿನ ಕೆಳಗೇ ಬಂತು, ಬೆರಳು ಸರಿಸಿಕೊಂಡೆ. ಕೋಣೆಯೊಳಗೆ ಇಳಿಸಿದೆವು, ಉಳಿದಿದ್ದ ಎರಡಡಿಯೂ ತುಂಬಿತು, ಟೆಂಪೋದವನು ಹೋದ, ಇವಳು ಹೊಸಿಲಲ್ಲಿ, ನಾನು ಮಷೀನಿನ ಪಕ್ಕ ಮಂಚದ ಎದುರು, ಹುಡುಗಿ ಮಂಚದ ತುದಿಯಲ್ಲಿ. ಅವಳು ನೋಡುತ್ತಿದ್ದಾಳೆ. ಎಡದಿಂದ ಬಲಕ್ಕೆ. ಬಲದಿಂದ ಎಡಕ್ಕೆ.

ಇದೇನ್ರೀ, ಬಾಗ್ಲೆಲ್ಲಿ ಅಂದಳು ಇವಳು. ಆ ಕಡೆ ಇದೆ. ಯಾವ ಕಡೆ? ಗೋಡೆ ಕಡೆ. ಗೋಡೆ ಕಡೆ ಯಾಕ್ರೀ, ಅನ್ನುವಾಗ ನಗು ಇನ್ನೂ ಇಳಿದಿರಲಿಲ್ಲ, ಇಳಿಯಲಿಕ್ಕೆ ಶುರುವಾಗಿತ್ತು, ಅದು ಇಳಿಯುವುದನ್ನು ನೋಡಲಾರದೆ ನಾನು ಬೇಕಂತ ಮಾಡಿಲ್ಲ ಅಂದುಬಿಟ್ಟೆ. ಯಾರೂ ಕೇಳಿರಲಿಲ್ಲ. ಹುಡುಗಿ ಚಟ್ಟನೆ ತಿರುಗಿ ನನ್ನ ಮುಖ ನೋಡಿದಳು, ಮೊದಲ ಸಲ ನೇರವಾಗಿ, ಗಾಳಿಯನ್ನಲ್ಲ, ಕಿಟಕಿಯನ್ನಲ್ಲ, ನನ್ನನ್ನು, ಆ ನೋಟಕ್ಕೆ ನನ್ನ ಬಾಯಿಯ ಕಟ್ಟೆ ಒಡೆಯಿತು, ನಾನು ಕೌಂಟರ್ ಮಾಡೋನು, ಕೌಂಟರಿಗೆ ಬಾಗ್ಲು ಯಾವಾಗ್ಲೂ ಒಳಗಡೆ, ಕೈ ಅದೇ ದಾರಿ ಹಿಡೀತು, ಎತ್ತರಾನೂ ಅಷ್ಟೇ, ಈ ತಗ್ಗೂ ಅಷ್ಟೇ, ಇದು ಕಾಲ್ಬೆರಳಿಗೆ, ಎರಡಿಂಚು ಕಮ್ಮಿ ಬಿತ್ತು, ಇಲ್ಲಾಂದ್ರೆ ತಿರುಗಿಸ್ತಿದ್ದೆ, ಅಂಟು ಹಾಕಿಬಿಟ್ಟಿದ್ದೀನಿ, ನಾಳೆನೇ ಕೊಯ್ತೀನಿ, ಇಲ್ಲಿ ನೋಡು ಗೆರೆ ಹಾಕಿದ್ದೀನಿ, ಬೀಗಾನೂ ಇಲ್ಲ, ಸುಳ್ಳು ಹೇಳ್ದೆ. ಮಾತು ನಿಂತಾಗ ನನ್ನ ಕೈ ಇನ್ನೂ ಗೆರೆಯ ಮೇಲಿತ್ತು. ಇವಳು ಸೆರಗಿನ ತುದಿ ಹಿಡಿದುಕೊಂಡಳು, ಈಗ ಮಗಳು ಏನು ಅನ್ನುತ್ತಾಳೆ ಅಂತ ನನಗೆ ಗೊತ್ತು, ಇವಳಿಗೂ ಗೊತ್ತು, ಟೆಂಪೋದವರನ್ನ ಕರೀರಿ ಅನ್ನುತ್ತಾಳೆ, ನಾಲ್ಕು ದಿನವೂ ಬೇಕಾಗಲಿಲ್ಲ, ನಾಲ್ಕು ನಿಮಿಷ ಸಾಕಾಯಿತು, ಆಮೇಲೆ ಯಾರೂ ಕರೆಯಬಾರದು. ಹುಡುಗಿ ಚಪ್ಪಲಿ ಬಿಟ್ಟಳು. ದುಪಟ್ಟಾ ತೆಗೆದು ಅಮ್ಮನ ಕೈಗೆ ಕೊಟ್ಟಳು. ಮಂಚದ ತುದಿ ಸುತ್ತಿ, ಮೈ ಒಂದು ಮಗ್ಗುಲು ಮಾಡಿ, ನನ್ನ ಹೊಟ್ಟೆ ತೂರದ ಆ ಸಂದಿಯಲ್ಲಿ ತೂರಿಕೊಂಡಳು. ಕೂತಳು, ಕಾಣೆಯಾದಳು. ಟಕ್, ಒಂದು ಬಾಗಿಲು. ಟಕ್, ಇನ್ನೊಂದು, ಮತ್ತೆರಡು. ಚಕ್ರದ ಹಲಗೆ ಮುಂದಕ್ಕೆ ಉರುಳಿತು, ಹಿಂದಕ್ಕೆ ಉರುಳಿತು, ಮತ್ತೆ ಮುಂದಕ್ಕೆ, ಏನು ಮಾಡುತ್ತಿದ್ದಾಳೆ, ಅಳುತ್ತಿದ್ದಾಳೆಯೇ, ಅಳುವವರು ಚಕ್ರ ಉರುಳಿಸುತ್ತಾರೆಯೇ, ಇವಳ ಕಡೆ ನೋಡಿದೆ, ಇವಳು ನನ್ನ ಕಡೆ ನೋಡಿದಳು. ಸೂಜೀ, ಅಂದಳು ಇವಳು ಮೆಲ್ಲಗೆ. ಆ ಕಡೆಯಿಂದ ಬಾಗಿಲು ಒಂದೊಂದಾಗಿ ಮುಚ್ಚಿದ ಸದ್ದು, ನಾಲ್ಕೂ.

ಎದ್ದು ನಿಂತಳು. ಬೆನ್ನ ಹಿಂದೆ ಗೋಡೆ, ಮುಂದೆ ಹಲಗೆ, ಹಲಗೆ ಅವಳ ಸೊಂಟದಿಂದ ನಾಲ್ಕು ಬೆರಳು ಮೇಲೆ ಬರುತ್ತದೆ, ಕೂದಲಿಗೆ ಮರದ ಹೊಟ್ಟು ಅಂಟಿದೆ, ಎರಡೂ ಅಂಗೈಯನ್ನು ಹಲಗೆಯ ಮೇಲೆ ಊರಿದಳು, ಬೆರಳು ಬಿಡಿಸಿಕೊಂಡು, ನನ್ನನ್ನು ನೋಡಿ ಕೇಳಿದಳು, ಏನ್ ಬೇಕಿತ್ತು? ಸುತ್ತಿಗೆಯೋ ಉಳಿಯೋ ಆ ಕಡೆ ಬಿದ್ದಿರಬೇಕು, ಕೊಡಲೇ ಅನ್ನುತ್ತಿದ್ದಾಳೆ ಅಂತ ನಾನು ಏನಿಲ್ಲ ಅಂದೆ. ಏನೂ ಬೇಡ್ದೆ ಇದ್ರೆ ಅಂಗಡಿ ಮುಂದೆ ಯಾಕೆ ನಿಂತಿದ್ದೀರಿ ಅಂದಳು. ಇವಳ ಬಾಯಿಂದ ಒಂದು ಸದ್ದು ಹೊರಟಿತು, ನಗುವೋ ಬಿಕ್ಕೋ, ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ನಗುತ್ತಿಲ್ಲ. ನಗುತ್ತಿಲ್ಲವೇ? ಆಡಿಕೊಳ್ಳುತ್ತಿದ್ದಾಳೆಯೇ, ಆಟ ಆಡುತ್ತಿದ್ದಾಳೆಯೇ, ಆಟ ಆದರೆ ಯಾರ ಜೊತೆ ಆಡುತ್ತಾರೆ, ಹೊರಗಿನವರ ಜೊತೆ ಆಡುತ್ತಾರೆಯೇ, ಅಳೆಯುತ್ತಿದ್ದಾಳೆ, ಅಪ್ಪನ ಹಾಗೆ ಭುಜಕ್ಕೆ ಟೇಪು ಹಿಡಿದಿದ್ದಾಳೆ, ಅಲ್ಲಾಡಬಾರದು. ಬಾಗಿಲು ಈ ಕಡೆಗೆ ಮಾಡಿಕೊಡ್ತೀನಿ, ನಾಳೆ ಬೆಳಿಗ್ಗೆ ಅಂದೆ. ಅದನ್ನ ಕೇಳ್ಲಿಲ್ಲ ನಾನು, ಬಾಗ್ಲು ಇಲ್ಲೇ ಇರ್ಲಿ, ನನಗೆ ತೂರೋಕಾಗುತ್ತೆ, ಏನ್ ಬೇಕಿತ್ತು ಅಂತ ಕೇಳಿದ್ದು, ನಿಮಗೆ. ಬಾಗಿಲು ಇಲ್ಲೇ ಇರಲಿ ಅಂದಳೇ, ಇರಲಿ ಅಂದರೆ ಎಷ್ಟು ದಿನ, ನಾಲ್ಕು ದಿನಕ್ಕೆ ಇರಲಿಯೇ, ಮಷೀನು ಒಳಗೆ ಹೇಗೆ ಹೋಗುತ್ತದೆ, ಮಂಚ ಇನ್ನೂ ಎಳೆದರೆ ಹೋಗುತ್ತದೆ, ಎಳೆಯಲು ಇಬ್ಬರು ಬೇಕು, ಪ್ರತಿ ಭಾನುವಾರ ಇಬ್ಬರು ಬೇಕು, ಆ ಕಡೆ ಹಿಡಿದುಕೊಳ್ಳಲು ಒಬ್ಬರು, ಅದೆಲ್ಲ ಅವಳು ಯೋಚಿಸಿದ್ದಾಳೆಯೇ, ಯೋಚಿಸದೆ ಮಾತಾಡುವ ಹುಡುಗಿ ಅಲ್ಲ. ಏನು ಬೇಕಿತ್ತು. ಇಪ್ಪತ್ತೆಂಟು ವರ್ಷ ಅಂಗಡಿಯವನ ಕಡೆಯಿಂದಲೇ ಬಂದು ಅಂಗಡಿಯವನ ಕಡೆಯಿಂದಲೇ ಹೋದವನು, ಈ ಕಡೆ ನಿಂತವನು ಏನು ಕೇಳಬೇಕು, ಹೇಗೆ ಕೇಳಬೇಕು, ನೀನು ಇರಬೇಕು ಅಂತಲೇ, ನಾಲ್ಕು ದಿನ ಅಲ್ಲ, ನಾಲ್ಕು ದಿನ ಆಗಿ ಮತ್ತೆ ನಾಲ್ಕು ದಿನ ಆಗಿ ಇರಬೇಕು, ನಿಮ್ಮಪ್ಪನ ಮಷೀನೂ ಇರಲಿ, ನಿಮ್ಮಪ್ಪನೂ ಇರಲಿ, ನಿಮ್ಮಮ್ಮನ ಮುಖದ ಆ ನಗು ಇರಲಿ, ನನ್ನನ್ನು ಏನಂತಲೂ ಕರೆಯಬೇಡ, ಬೇಕಾದರೆ ಗಾಳಿಯ ಜೊತೆಯೇ ಮಾತಾಡು, ಇರು, ಇದನ್ನು ಒಂದು ಸಾಮಾನಿನ ಹೆಸರು ಹೇಳಿದ ಹಾಗೆ ಹೇಗೆ ಹೇಳುವುದು, ಬಾಯಿ ತೆರೆದಿದ್ದೇನೆ, ತೆರೆದ ಬಾಯಿಯಿಂದ ಹೊರಟದ್ದು ಸೂಜಿ, ಅಷ್ಟೇ, ಅಷ್ಟೇ ಹೊರಟದ್ದು, ಅಂದುಬಿಟ್ಟೆ, ಅನ್ನಬಾರದಿತ್ತೇನೋ, ಮುಂದಿನ ಮಾತು ಬರುತ್ತಿಲ್ಲ, ಅವಳು ಅಲ್ಲಾಡಲಿಲ್ಲ, ಹೋಗಲಿಲ್ಲ, ಎರಡು ಅಂಗೈ, ನನ್ನ ಹಲಗೆಯ ಮೇಲೆ, ಬೆರಳು ಬಿಡಿಸಿಕೊಂಡು, ಕಾಯುತ್ತಿವೆ, ಮುಂದಿನ ಮಾತು, ಅವಳ ಎರಡು ಅಂಗೈ, ಹಲಗೆಯ ಮೇಲೆ —